ಫ್ರೋಜನ್ ಮಾರ್ಗರಿಟಾ: ತಯಾರಿಕೆ ಮತ್ತು ಎಚ್ಚರಿಕೆ

ಟಕೀಲಾ, ಕಿತ್ತಳೆ ಸ್ವಾದದ ಮದ್ಯ ಹಾಗೂ ನಿಂಬೆರಸವನ್ನು ಮಂಜುಗಡ್ಡೆಯೊಂದಿಗೆ ಅರೆದು ಸಿದ್ಧಪಡಿಸುವ ಪಾನೀಯವೇ ಫ್ರೋಜನ್ ಮಾರ್ಗರಿಟಾ. ಅಮೆರಿಕದಲ್ಲಿ ಮೇ 5ರ ಸಿಂಕೋ ಡಿ ಮಾಯೋ ಸಂತೋಷಕೂಟಗಳಲ್ಲಿ ಇದಕ್ಕೆ ವಿಶೇಷ ಸ್ಥಾನವಿದೆ.

ಮಿಕ್ಸರ್‌ನಲ್ಲಿ ಅರೆದ ಪಾನೀಯದ ರುಚಿ ಒಂದೇ ತೆರನಾಗಿರುವುದಿಲ್ಲ ಎಂದು ಗ್ರಾಹಕರು ದೂರಿದಾಗ, ಟೆಕ್ಸಾಸ್‌ನ ಡಲ್ಲಾಸ್ ನಗರದ ರೆಸ್ಟೋರೆಂಟ್ ಮಾಲೀಕ ಮರಿಯಾನೊ ಮಾರ್ಟಿನೆಜ್ 1971ರಲ್ಲಿ ಐಸ್‌ಕ್ರೀಂ ಯಂತ್ರವೊಂದನ್ನು ಮಾರ್ಪಡಿಸಿ ಇದರ ತಯಾರಿಕೆಗೆ ಬಳಸಿದರು. ಆ ಯಂತ್ರವು 2005ರಲ್ಲಿ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯವನ್ನು ಸೇರಿತು.

ತಯಾರಿಸುವ ವಿಧಾನ: 4 ಮಂದಿಗೆ ಟಕೀಲಾ 240 ಮಿ.ಲೀ., ಕಿತ್ತಳೆ ಮದ್ಯ 120 ಮಿ.ಲೀ., ನಿಂಬೆರಸ 120 ಮಿ.ಲೀ. ಹಾಗೂ ಸಕ್ಕರೆ ಪಾಕ 60 ಮಿ.ಲೀ. ಬೇಕು. ಇವುಗಳನ್ನು ಬೆರೆಸಿ, ಫ್ರೀಜರ್‌ನಲ್ಲಿ ಚೆನ್ನಾಗಿ ತಣಿಸಿ, ಬಳಿಕ ಸುಮಾರು 600 ಗ್ರಾಂ ಮಂಜುಗಡ್ಡೆಯೊಂದಿಗೆ ನುಣ್ಣಗೆ ಅರೆಯಬೇಕು. ಮೊದಲೇ ತಣಿಸಿದರೆ ಮಂಜುಗಡ್ಡೆ ಬೇಗ ಕರಗದು. ಅಂಚಿಗೆ ಉಪ್ಪು ಸವರಿದ ಲೋಟದಲ್ಲಿ ಕೂಡಲೇ ನೀಡುವುದು ವಾಡಿಕೆ.

ಮದ್ಯಸಾರ ಹಾಗೂ ಸಕ್ಕರೆ ನೀರಿನ ಘನೀಭವನ ಬಿಂದುವನ್ನು ತಗ್ಗಿಸುವುದರಿಂದ ಮಿಶ್ರಣವು ಗಟ್ಟಿಯಾಗದೆ ಮೆತ್ತಗಿರುತ್ತದೆ. ಶೀತದಿಂದ ನಾಲಿಗೆಗೆ ಸಿಹಿ ಕಡಿಮೆ ತಿಳಿಯುವ ಕಾರಣ ಪಾಕ ತುಸು ಹೆಚ್ಚೇ ಬೇಕಾಗುತ್ತದೆ.

ಅಪಾಯವಿರುವುದೂ ಇಲ್ಲಿಯೇ. ತಂಪು ಹಾಗೂ ಸಿಹಿಯ ನಡುವೆ ಮದ್ಯದ ಘಾಟು ಮರೆಯಾಗುತ್ತದೆ. ಮೇಲಿನ ಅಳತೆಯಂತೆ ಪ್ರತಿ ಲೋಟದಲ್ಲಿ 90 ಮಿ.ಲೀ. ಮದ್ಯವಿದ್ದು, ಅವೆರಡೂ ಶೇ. 40ರ ಪ್ರಮಾಣದವಾದರೆ ಅದು ಅಮೆರಿಕದ ಲೆಕ್ಕದಲ್ಲಿ 2 ಪೆಗ್‌ಗೆ ಸಮ. ಆದ್ದರಿಂದ ಅತಿಥಿಗಳಿಗೆ ಪ್ರಮಾಣವನ್ನು ಮೊದಲೇ ತಿಳಿಸುವುದು, ಕುಡಿದವರಿಗೆ ವಾಹನ ಚಲಾಯಿಸಲು ಬಿಡದಿರುವುದು ಆತಿಥೇಯರ ಹೊಣೆ. ಕುಡಿಯದವರಿಗೆ ಮದ್ಯದ ಬದಲು ಕಿತ್ತಳೆ ರಸ ಬೆರೆಸಿ, ಬೇರೆ ಜಾರಿನಲ್ಲಿ ಅರೆದು ಕೊಡಬಹುದು.