ಹಳೆಯ ಟೇಪಿಗೆ ಯಾವ ಕ್ಯಾಮ್‌ಕಾರ್ಡರ್?

ಮದುವೆ, ನಾಮಕರಣಗಳ ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಸೆಕೆಂಡ್ ಹ್ಯಾಂಡ್ ಕ್ಯಾಮ್‌ಕಾರ್ಡರ್ ಕೊಳ್ಳುವವರು ಮೊದಲು ಕ್ಯಾಸೆಟ್ಟಿನ ಮೇಲಿನ ಗುರುತನ್ನು ಓದಬೇಕು. 1995ರಲ್ಲಿ ಬಂದ ಮಿನಿ ಡಿವಿ ಕ್ಯಾಮೆರಾದಲ್ಲಿ ಹೈ-8 ಕ್ಯಾಸೆಟ್ ಕೂರದು. ಹೈ-8 ಉಳ್ಳವರಿಗೆ 1999ರಲ್ಲಿ ಬಂದ ಡಿಜಿಟಲ್-8 ಶ್ರೇಣಿಯೇ ಲೇಸು. ಆದರೆ ಅದರ ಎಲ್ಲ ಮಾದರಿಗಳಲ್ಲೂ ಹಳೆಯ ಅನಲಾಗ್ ಟೇಪು ಓಡುವುದಿಲ್ಲ, ಕೇಳಿಯೇ ಕೊಳ್ಳಬೇಕು. ಅಮೆರಿಕದ ನೆಂಟರು ತಂದುಕೊಟ್ಟ ಕ್ಯಾಮೆರಾದಲ್ಲಿ ತೆಗೆದದ್ದಾದರೆ ಅದು ಎನ್‌ಟಿಎಸ್‌ಸಿ ಪದ್ಧತಿಯದು. ಇಲ್ಲಿ ಮಾರಾಟವಾದ ಪಾಲ್ ಕ್ಯಾಮೆರಾ ಅದಕ್ಕೆ ಒಗ್ಗದಿರಬಹುದು.

ಫೈರ್‌ವೈರ್ ಕಿಂಡಿ ಕೆಟ್ಟಿರುವ ಕ್ಯಾಮೆರಾ ಅಗ್ಗಕ್ಕೆ ಸಿಕ್ಕರೂ ಬೇಡ. ಆ ತಂತಿಯ ಮೂಲಕವೇ ಡಿಜಿಟಲ್ ದೃಶ್ಯ ಇದ್ದಂತೆಯೇ ಇಳಿಯುವುದು: ಗಂಟೆಗೆ ಸುಮಾರು 13 ಗಿಗಾಬೈಟ್. ಆಪಲ್ ಸಂಸ್ಥೆಯಂತೂ 2025ರ ಮ್ಯಾಕ್‌ಓಎಸ್ ಟಾಹೋದಲ್ಲಿ ಫೈರ್‌ವೈರ್ ಬೆಂಬಲವನ್ನೇ ಕೈಬಿಟ್ಟಿತು. ಮೊದಲು ಬೇಡದ ಟೇಪೊಂದನ್ನು ಓಡಿಸಿ ನೋಡಿ. ಸವೆದ ರೋಲರ್ ಮನೆಯಲ್ಲಿರುವ ಒಂದೇ ಪ್ರತಿಯನ್ನು ಸುತ್ತಿಕೊಂಡು ಹರಿದುಬಿಡಬಹುದು.