ಮುಗ್ಗಟ್ಟಿನ ಕಾಲದ ತಾಮ್ರದ ಬಿಲ್ಲೆಗಳು: ರಾಯದುರ್ಗ–ಮಡಕಶಿರಾ ನೆಲೆಯಿಂದ

ರಾಯದುರ್ಗ, ಮಡಕಶಿರಾ ಸೀಮೆಯ ಕನ್ನಡಿಗರ ‘ದುಡ್ಡು’, ಅವರ ನೆರೆಯ ತೆಲುಗರ ‘ಡಬ್ಬು’ ಇವೆರಡೂ ಒಂದು ಕಾಲಕ್ಕೆ ತಾಮ್ರದ ನಾಣ್ಯದ ಹೆಸರುಗಳು. ಸಾಮಾನ್ಯರ ವ್ಯವಹಾರ ತಾಮ್ರದಲ್ಲಿ ನಡೆಯುತ್ತಿದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ಶಾಸನ ಬೇಕಿಲ್ಲ.

ಈ ಸೀಮೆ 1800ರಲ್ಲಿ ನಿಜಾಮನಿಂದ ಕಂಪನಿಯ ವಶಕ್ಕೆ ಬಂದಿತು. ಮದರಾಸು ಆಧಿಪತ್ಯಕ್ಕೆಂದು 1803ರ ಹಾಗೂ 1808ರ ಇಸವಿಯ ಕಾಸುಗಳನ್ನು ಅಚ್ಚುಹಾಕಿದ್ದು ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೋದಲ್ಲಿದ್ದ ಮ್ಯಾಥ್ಯೂ ಬೋಲ್ಟನ್ನನ ಟಂಕಸಾಲೆ. ಇವನ್ನು ಹೊತ್ತ ‘ಅಡ್ಮಿರಲ್ ಗಾರ್ಡ್ನರ್’ ಹಡಗು 1809ರಲ್ಲಿ ಇಂಗ್ಲೆಂಡಿನ ತೀರದಲ್ಲಿಯೇ ಮುಳುಗಿತು. ನಮ್ಮ ಸಂತೆಗಳನ್ನು ಮುಟ್ಟದ ಆ ಹತ್ತು–ಇಪ್ಪತ್ತು ಕಾಸುಗಳು ಈಗ ದೇಶದೇಶಗಳ ಸಂಗ್ರಾಹಕರ ಪೆಟ್ಟಿಗೆಗಳಲ್ಲಿವೆ!

ಅದೇ ಟಂಕಸಾಲೆ ಅದಕ್ಕೂ ಮೊದಲು ಇಂಗ್ಲೆಂಡಿನ ವರ್ತಕರಿಗೆ ಖಾಸಗಿ ಬಿಲ್ಲೆಗಳನ್ನು ಮಾಡಿಕೊಡುತ್ತಿತ್ತು. ಸರ್ಕಾರದ ಚಿಲ್ಲರೆ ಸಾಲದಾದಾಗ, 1787ರಲ್ಲಿ ಆಂಗ್ಲ್ಸೀ ದ್ವೀಪದ ಪ್ಯಾರಿಸ್ ಗಣಿ ಕಂಪನಿ ತನ್ನದೇ ತಾಮ್ರದ ಬಿಲ್ಲೆಗಳನ್ನು ಹೊರಡಿಸಿತು. ಎಲ್ಲಿ ಕೊಟ್ಟರೆ ಹಣ ದೊರೆಯುವುದೆಂಬ ವಾಗ್ದಾನ ಅಂಚಿನಲ್ಲಿತ್ತು. ಅಮೆರಿಕದಲ್ಲಿ 1837ರ ಮುಗ್ಗಟ್ಟಿನಲ್ಲಿ ಬ್ಯಾಂಕುಗಳು ಚಿನ್ನ–ಬೆಳ್ಳಿ ಕೊಡುವುದನ್ನು ನಿಲ್ಲಿಸಿದಾಗ ಅಂಗಡಿಗಳ ಜಾಹೀರಾತು, ಅಧ್ಯಕ್ಷರ ಅಪಹಾಸ್ಯ ಹೊತ್ತ ತಾಮ್ರದ ಬಿಲ್ಲೆಗಳು ಸೆಂಟಿನ ಬದಲು ಓಡಾಡಿದವು. ಸಂಗ್ರಾಹಕರ ಒಲವು ಹೆಚ್ಚಾಗಿ ಇವುಗಳ ಕಡೆಗೇ.

ಆದರೆ ಆ ಒಲವನ್ನೇ ಹಿಡಿದು ರಾಯದುರ್ಗದಲ್ಲಿ ಹುಡುಕಹೊರಟವರು ತಪ್ಪು ಲೋಹವನ್ನು ಹುಡುಕಿದಂತೆ. ಇಲ್ಲಿನವರಿಗೆ 1942–43ರ ಚಿಲ್ಲರೆಯ ಅಭಾವ ತಟ್ಟಿದ್ದು ಬೇರೆ ಬಗೆಯಲ್ಲಿ: ಆಗ ಕೊರತೆಯಾದುದು ತಾಮ್ರವೇ. ಯುದ್ಧಕ್ಕೆ ಅದು ಬೇಕಿತ್ತು. ಜನ ಚಿಲ್ಲರೆಯನ್ನು ಬಚ್ಚಿಟ್ಟರು. ಬಚ್ಚಿಡುವುದನ್ನು ಸರ್ಕಾರ ಅಪರಾಧವೆಂದಿತು. ಸುಮಾರು 4.9 ಗ್ರಾಂ ತೂಗುತ್ತಿದ್ದ ಕಾಲಾಣೆಯ ಜಾಗಕ್ಕೆ 1943ರಲ್ಲಿ ಸುಮಾರು 2 ಗ್ರಾಂನ ತೂತಿನ ಕಾಸು ಬಂದಿತು. ತಾಮ್ರವೇ ಇಲ್ಲದ ಮೇಲೆ ಬದಲಿ ಬಿಲ್ಲೆಯೂ ತಾಮ್ರದ್ದಾಗಲಾರದು. ಮೋರ್ವಿ, ಜುನಾಗಢ, ಬೂಂದಿ ಸಂಸ್ಥಾನಗಳು ಕಾಗದದ ಚಿಲ್ಲರೆ ಚೀಟಿಗಳನ್ನು ಹೊರಡಿಸಿದ್ದು ಇದೇ ಕಾರಣದಿಂದ.

ತಾಮ್ರ ನೆಲದಲ್ಲಿ ಹೂತರೂ ಉಳಿದೀತು. ಕಾಗದಕ್ಕೆ ಗೆದ್ದಲು, ಮಳೆ ಎರಡೂ ಶತ್ರು. ಹೀಗಾಗಿ ಈ ಗಡಿಸೀಮೆಯಲ್ಲಿ ಸಂಗ್ರಹಕಾರ್ಯ ತೊಡಗಬೇಕಾದುದು ನಾಣ್ಯದ ಅಂಗಡಿಯಿಂದಲ್ಲ, ಹಳೆಯ ವರ್ತಕರ ಮನೆಗಳ ಲೆಕ್ಕದ ಪುಸ್ತಕಗಳಿಂದ. ಚೀಟಿಯೊಂದು ದೊರೆತಲ್ಲಿ ಅದರ ಬೆಲೆಗಿಂತ ಮೊದಲು ಗುರುತಿಸಬೇಕಾದುದು ಅದು ಕನ್ನಡದಲ್ಲಿದೆಯೋ ತೆಲುಗಿನಲ್ಲಿದೆಯೋ ಎಂಬುದು, ಮತ್ತು ಯಾವ ಪುಟಗಳ ನಡುವೆ ಇತ್ತೆಂಬುದು. ಅಲ್ಲಿಂದ ಕಿತ್ತು ಆಲ್ಬಮ್ಮಿಗೆ ಸೇರಿಸಿದರೆ ಕೊಟ್ಟವರು, ಕೊಂಡವರು ಇಬ್ಬರ ಹೆಸರೂ ಅಳಿಸಿಹೋಗುತ್ತವೆ.