ದತ್ತಾಂಶ ವೇಗದ ಮಾನಗಳು: ತಂತಿಯಿಂದ ಫೈಬರ್‌ವರೆಗೆ

ಒಂದು ಸೆಕೆಂಡಿನಲ್ಲಿ ಒಂದು ಸಂಪರ್ಕದ ಮೂಲಕ ಸಾಗುವ ಬಿಟ್‌ಗಳ ಸಂಖ್ಯೆಯೇ ದತ್ತಾಂಶ ವೇಗ. ಇಂಟರ್ನೆಟ್ ಬಿಲ್ಲಿನಲ್ಲಿ ಇದು ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್) ಎಂದಿರುತ್ತದೆ. ಡೌನ್‌ಲೋಡ್ ಮಾಡುವಾಗ ಪರದೆಯ ಮೇಲೆ ಸೆಕೆಂಡಿಗೆ ಇಷ್ಟು ಮೆಗಾಬೈಟ್ ಎಂದು ಕಾಣುತ್ತದೆ. ದೂರಸಂಪರ್ಕದವರ ಮಾತಿನಲ್ಲಿ ಬಾಡ್, ಇ-1, ಎಸ್‌ಟಿಎಂ-1 ಎಂಬ ಬೇರೆಯೇ ಹೆಸರುಗಳಿವೆ. ಒಂದನ್ನು ಇನ್ನೊಂದಕ್ಕೆ ಪರಿವರ್ತಿಸುವ ಕೋಷ್ಟಕಗಳಿಗೆ ಬರವಿಲ್ಲ. ಆದರೆ 2.048, 155.52ರಂಥ ಅಂಕಿಗಳು ಏಕೆ ಬಂದವು ಎಂಬುದಕ್ಕೆ ಅವುಗಳಲ್ಲಿ ಉತ್ತರ ಸಿಗದು. ಉತ್ತರವಿರುವುದು ಟೆಲಿಫೋನಿನಲ್ಲಿ ಆಡಿದ ಮಾತಿನಲ್ಲಿ.

ಅದಕ್ಕೂ ಹಿಂದಿನದು ಬಾಡ್. ಫ್ರಾನ್ಸಿನ ತಂತಿ ಎಂಜಿನಿಯರ್ ಎಮಿಲ್ ಬೋದೊ (1845–1903) 1874ರಲ್ಲಿ ಪೇಟೆಂಟ್ ಪಡೆದ ಪದ್ಧತಿಯಲ್ಲಿ ಪ್ರತಿ ಅಕ್ಷರಕ್ಕೂ ಐದು ಸಂಕೇತಗಳಿದ್ದವು. ಆತನ ಹೆಸರಿನಿಂದಲೇ ಬಾಡ್ ಬಂತು. ತಂತಿಯ ಮೇಲಿನ ಸಂಕೇತ ಸೆಕೆಂಡಿಗೆ ಎಷ್ಟು ಸಲ ಬದಲಾಗಬಲ್ಲದು ಎಂಬುದರ ಅಳತೆ ಅದು. ಟೆಲೆಕ್ಸ್ ಯಂತ್ರ ಓಡುತ್ತಿದ್ದದ್ದು 50 ಬಾಡ್‌ನಲ್ಲಿ, ಅಂದರೆ ಒಂದು ಸಂಕೇತಕ್ಕೆ 20 ಮಿಲಿಸೆಕೆಂಡು. ಅಕ್ಷರದ ಐದು ಸಂಕೇತಗಳ ಜೊತೆಗೆ ಆರಂಭ ಸೂಚಿಸಲು ಒಂದು, ಮುಕ್ತಾಯ ಸೂಚಿಸಲು ಒಂದೂವರೆ ಸೇರಿ ಏಳೂವರೆಯಾಗುತ್ತಿತ್ತು. ಹಾಗಾಗಿ ನಿಮಿಷಕ್ಕೆ 400 ಅಕ್ಷರ ಸಾಗುತ್ತಿದ್ದವು. ಐವತ್ತರಲ್ಲಿ ನಿಜವಾದ ಮಾಹಿತಿ ಸೆಕೆಂಡಿಗೆ 33 ಬಿಟ್ ಚಿಲ್ಲರೆ ಮಾತ್ರ. ಮುಂದೆ ಬಂದ ಮೋಡೆಮ್‌ಗಳಲ್ಲಿ ಇದು ತಿರುಗುಮುರುಗಾಯಿತು. ಒಂದೇ ಸಂಕೇತದಲ್ಲಿ ಹಲವು ಬಿಟ್‌ಗಳನ್ನು ತುಂಬುವ ಉಪಾಯ ಸಿಕ್ಕಿತು. 600 ಬಾಡ್‌ನಲ್ಲೇ ಸೆಕೆಂಡಿಗೆ 1,200 ಬಿಟ್ ಸಾಗತೊಡಗಿದವು. ಬಾಡ್ ಮತ್ತು ಬಿಟ್ ಒಂದೇ ಎಂದುಕೊಂಡು ಲೆಕ್ಕ ಹಾಕುವುದು ಇಂದಿಗೂ ನಡೆದಿರುವ ತಪ್ಪು.

ಬಿಟ್ ಎಂಬ ಮಾನಕ್ಕೆ ಶಾಸ್ತ್ರದ ನೆಲೆ ಒದಗಿದ್ದು 1948ರಲ್ಲಿ, ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ ಅವರ ಪ್ರಬಂಧದಿಂದ. ಅಷ್ಟು ಹೊತ್ತಿಗೆ ಮಾತನ್ನೇ ಅಂಕಿಗಳಾಗಿಸುವ ವಿಧಾನವನ್ನು ಬ್ರಿಟನ್ನಿನ ಎಂಜಿನಿಯರ್ ಅಲೆಕ್ ರೀವ್ಸ್ ರೂಪಿಸಿ ದಶಕವೇ ಕಳೆದಿತ್ತು. ಟೆಲಿಫೋನಿನಲ್ಲಿ ಸಾಗುವ ದನಿಯ ಆವರ್ತನ ಸುಮಾರು 3,400 ಹರ್ಟ್ಸ್ ಮೀರುವುದಿಲ್ಲ. ಅದನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನೂ 8 ಬಿಟ್‌ಗಳಲ್ಲಿ ಬರೆದರೆ ಸೆಕೆಂಡಿಗೆ 64,000 ಬಿಟ್‌ಗಳಾಗುತ್ತವೆ. ದೂರಸಂಪರ್ಕದ ಅಂಕಿಗಳೆಲ್ಲ ಈ 64 ಕೆಬಿಪಿಎಸ್‌ನ ಸಂತಾನವೆಂದರೆ ಅತಿಶಯೋಕ್ತಿಯಾಗದು.

1962ರಲ್ಲಿ ಅಮೆರಿಕದ ಬೆಲ್ ಸಂಸ್ಥೆ ಇಂಥ 24 ಕರೆಗಳನ್ನು ಒಟ್ಟುಗೂಡಿಸಿ, ಪ್ರತಿ ಸುತ್ತಿನ ಗುರುತಿಗೊಂದು ಬಿಟ್ ಸೇರಿಸಿ, 1.544 ಎಂಬಿಪಿಎಸ್‌ನ ಟಿ-1 ಜಾರಿಗೆ ತಂದಿತು. ಯುರೋಪಿನವರು 32 ಕಿಂಡಿಗಳ ಇ-1 ಆರಿಸಿಕೊಂಡರು: 30 ಮಾತಿಗೆ, ಎರಡು ಹೊಂದಾಣಿಕೆಗೆ ಮತ್ತು ಸಂಜ್ಞೆಗಳಿಗೆ. 32ನ್ನು 64ರಿಂದ ಗುಣಿಸಿದರೆ 2,048 ಕೆಬಿಪಿಎಸ್. ಭಾರತ ಹಿಡಿದದ್ದು ಈ ಎರಡನೆಯ ದಾರಿ. ಎಕ್ಸ್‌ಚೇಂಜಿನವರ ಬಾಯಲ್ಲಿ ಇದು ‘ಟೂ ಎಂಬಿ’. ಇಲ್ಲಿ ಎಂಬಿ ಎಂದರೆ ಮೆಗಾಬಿಟ್; ಬೈಟ್ ಒಂದಕ್ಕೆ ಎಂಟು ಬಿಟ್ ಆದ್ದರಿಂದ ಮೆಗಾಬೈಟ್ ಎಂದು ಭಾವಿಸಿದರೆ ಲೆಕ್ಕ ಎಂಟು ಪಟ್ಟು ಹಿಗ್ಗುತ್ತದೆ. 2,048 ಎಂಬುದು 1,024ರ ಇಮ್ಮಡಿಯಾಗಿರುವುದರಿಂದ ಕಂಪ್ಯೂಟರ್ ಸ್ಮರಣೆಯ ಲೆಕ್ಕವೇ ಇಲ್ಲಿಗೂ ಅನ್ವಯಿಸುತ್ತದೆ ಎಂದು ಭ್ರಮಿಸುವವರುಂಟು. ಸಂಪರ್ಕದ ವೇಗದಲ್ಲಿ ಕಿಲೋ ಎಂದರೆ ಸಾವಿರವೇ, ಮೆಗಾ ಎಂದರೆ ಹತ್ತು ಲಕ್ಷವೇ.

ಈ 64 ಕೆಬಿಪಿಎಸ್ ಭಾರತದ ಹಳ್ಳಿಗಳಿಗೆ ಕಾಲಿಟ್ಟ ಕಥೆಯಲ್ಲಿ ಕರ್ನಾಟಕಕ್ಕೆ ಮೊದಲ ಸ್ಥಾನವಿದೆ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ರೂಪಿಸಿದ 128 ಪೋರ್ಟಿನ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜ್ 1986ರಲ್ಲಿ ಕಿತ್ತೂರಿನಲ್ಲಿ ಕೆಲಸ ಆರಂಭಿಸಿತು. ಹವಾನಿಯಂತ್ರಣವಿಲ್ಲದೆ, ದೂಳು-ಸೆಕೆಗಳಿಗೆ ಜಗ್ಗದೆ ನಡೆಯಬೇಕೆಂದೇ ಕಟ್ಟಿದ ಯಂತ್ರವದು. ಪೋರ್ಟಿಗೆ 64 ಕೆಬಿಪಿಎಸ್‌ನಂತೆ ಲೆಕ್ಕ ಹಿಡಿದರೆ ಇಡೀ ಎಕ್ಸ್‌ಚೇಂಜಿನದು 8,192 ಕೆಬಿಪಿಎಸ್, ಅಂದರೆ ನಾಲ್ಕು ಇ-1. ಇಂದಿನ ಸಾಧಾರಣ ಮೊಬೈಲ್ ಸಂಪರ್ಕವೊಂದೇ ಈ ವೇಗವನ್ನು ಮುಟ್ಟಬಲ್ಲದು. ಆದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯುತ್ತಿದ್ದ ಊರುಗಳಿಗೆ ಅದು ತಂದ ಬದಲಾವಣೆಯನ್ನು ಎಂಬಿಪಿಎಸ್‌ನಲ್ಲಿ ಅಳೆಯಲಾಗದು.

ಆಪ್ಟಿಕಲ್ ಫೈಬರ್ ಬಂದ ಮೇಲೆ ಅಮೆರಿಕ-ಯುರೋಪುಗಳ ಶ್ರೇಣಿಗಳನ್ನು ಒಂದೇ ಕಡೆ ಹೊಂದಿಸಬೇಕಾಯಿತು. 1988ರ ಅಂತರರಾಷ್ಟ್ರೀಯ ಮಾನಕದಲ್ಲಿ ಎಸ್‌ಟಿಎಂ-1 ರೂಪುಗೊಂಡಿತು. 9 ಸಾಲು, 270 ಕಂಬಗಳ ಬೈಟ್ ಚೌಕಟ್ಟೊಂದು ಸೆಕೆಂಡಿಗೆ 8,000 ಸಲ ಹೊರಡುತ್ತದೆ. ಗುಣಿಸಿದರೆ ಸರಿಯಾಗಿ 155.52 ಎಂಬಿಪಿಎಸ್. ಇದರಲ್ಲಿ 63 ಇ-1ಗಳು, ಎಂದರೆ 1,890 ಕರೆಗಳು ಹಿಡಿಸುತ್ತವೆ. 63ನ್ನು 2.048ರಿಂದ ಗುಣಿಸಿದರೆ 129.024 ಮಾತ್ರ ಬರುತ್ತದೆ. ಉಳಿದ 26.496 ಎಂಬಿಪಿಎಸ್ ಮೇಲ್ವಿಚಾರಣೆಗೂ ಹೊಂದಾಣಿಕೆಗೂ ಹೋಗುತ್ತದೆ. ಬರಿಯ ಭಾಗಾಕಾರದಿಂದ 75 ಇ-1 ಎಂದು ಹೇಳುವ ಪರಿವರ್ತನೆ ಗಣಿತಕ್ಕೆ ಸರಿ, ಕೆಲಸಕ್ಕೆ ಬಾರದು.

ಮನೆಯ ಮಟ್ಟದಲ್ಲಿ ಬದಲಾವಣೆ ಎಷ್ಟೆಂದು ನೋಡಲು ಬಾಳೆಗುಳಿಯನ್ನೇ ತೆಗೆದುಕೊಳ್ಳಬಹುದು. ಹುಬ್ಬಳ್ಳಿಯಿಂದ ಘಟ್ಟ ಇಳಿದು ಬರುವ ಹೆದ್ದಾರಿ ಅಂಕೋಲೆಯ ಬಳಿ ಕರಾವಳಿಯ ಹೆದ್ದಾರಿ 66ನ್ನು ಕೂಡುವುದು ಇಲ್ಲಿ. ಇಲ್ಲಿನ ಮನೆಯೊಂದರಲ್ಲಿ 100 ಎಂಬಿಪಿಎಸ್ ಸಂಪರ್ಕವಿದೆ ಎನ್ನೋಣ. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 12.5 ಮೆಗಾಬೈಟ್. ಒಂದು ಗಿಗಾಬೈಟಿನ ಯಕ್ಷಗಾನದ ವಿಡಿಯೊ ಪೂರ್ಣ ವೇಗದಲ್ಲಿ 80 ಸೆಕೆಂಡಿನಲ್ಲಿ ಇಳಿಯುತ್ತದೆ. 2005ರ ಸುಮಾರಿನ 256 ಕೆಬಿಪಿಎಸ್ ಬ್ರಾಡ್‌ಬ್ಯಾಂಡ್‌ನಲ್ಲಿ ಅದೇ ವಿಡಿಯೊಗೆ ಸುಮಾರು ಎಂಟೂಮುಕ್ಕಾಲು ಗಂಟೆ ಬೇಕಾಗುತ್ತಿತ್ತು. ಆಗಿನ ಸರ್ಕಾರಿ ಸಂಸ್ಥೆ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದಾಗಿನ 9.6 ಕೆಬಿಪಿಎಸ್ ಮೋಡೆಮ್‌ನಲ್ಲಾದರೆ ಒಂಬತ್ತೂವರೆ ದಿನಗಳಿಗೂ ಹೆಚ್ಚು.

ಮನೆಗಳಿಗೆ ಬರುವ ಫೈಬರಿನಲ್ಲಿ ಬಹುಬಳಕೆಯ ಜಿಪಾನ್ ತಂತ್ರಜ್ಞಾನದ ಇಳಿವೇಗ ಸೆಕೆಂಡಿಗೆ 2.488 ಗಿಗಾಬಿಟ್. ಇದು ಹದಿನಾರು ಎಸ್‌ಟಿಎಂ-1ಕ್ಕೆ ಸಮ; ಚೌಕಟ್ಟು ಈಗಲೂ ಸೆಕೆಂಡಿಗೆ 8,000 ಸಲವೇ ಹೊರಡುತ್ತದೆ. ಒಂದು ಫೈಬರನ್ನು 32 ಮನೆಗಳು ಹಂಚಿಕೊಂಡು ಎಲ್ಲರೂ ಒಮ್ಮೆಗೇ ಬಳಸಿದರೆ ತಲಾ 77.76 ಎಂಬಿಪಿಎಸ್ ಮೀರದು. ಬಿಲ್ಲಿನಲ್ಲಿರುವ 100 ಗರಿಷ್ಠ ಮಿತಿಯೇ ಹೊರತು ಸದಾ ಸಿಗುವ ವೇಗವಲ್ಲ ಎಂಬುದನ್ನು ಗ್ರಾಹಕರಿಗೆ ತಿಳಿಸಿ ಹೇಳಬೇಕು. ಗ್ರಾಮ ಪಂಚಾಯಿತಿಗಳಿಗೆ 100 ಎಂಬಿಪಿಎಸ್ ತಲುಪಿಸುವ ಗುರಿಯೊಂದಿಗೆ 2011ರಲ್ಲಿ ಮಂಜೂರಾಗಿ, ನಂತರ ಭಾರತ್‌ನೆಟ್ ಎನಿಸಿಕೊಂಡ ಯೋಜನೆಯಲ್ಲಿ ಬಳಕೆಯಾದದ್ದು ಕಿತ್ತೂರಿನ ಎಕ್ಸ್‌ಚೇಂಜ್ ರೂಪಿಸಿದ ಅದೇ ಸಿ-ಡಾಟ್‌ನ ಜಿಪಾನ್.

ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗವನ್ನೂ ಸರ್ಕಾರ ಏರಿಸುತ್ತ ಬಂದಿದೆ. 2004ರ ನೀತಿಯಲ್ಲಿ 256 ಕೆಬಿಪಿಎಸ್ ಇತ್ತು, 2013ರಲ್ಲಿ 512 ಆಯಿತು, 2023ರ ಜನವರಿಯಿಂದ 2 ಎಂಬಿಪಿಎಸ್. ಮೂವತ್ತು ಕರೆಗಳನ್ನು ಹೊರುತ್ತಿದ್ದ ಒಂದು ಇ-1ರಷ್ಟೇ ಎನ್ನಬಹುದಾದ ವೇಗ ಈಗ ಒಬ್ಬ ಗ್ರಾಹಕನಿಗೆ ಸಲ್ಲಬೇಕಾದ ಕನಿಷ್ಠ.